ನೀರು ಕುಡಿಯೋಕೆ ಎದ್ದವರು ‘ನಿಲ್ಸು’ ಅಂದರೆ ಸಿನಿಮಾ ಪಾಸು

ಮನೆಯಲ್ಲಿ ಸಿನಿಮಾ ನೋಡುವಾಗ ನಮ್ಮಲ್ಲೊಂದು ಪರೀಕ್ಷೆ ಇದೆ. ಯಾರಾದರೂ ನೀರು ಕುಡಿಯಲು ಎದ್ದಾಗ ಅವರ ಬಾಯಿಂದ ಏನು ಮಾತು ಬರುತ್ತದೆ ಅಂತ ಕೇಳಿಸಿಕೊಳ್ಳುವುದು. ‘ಒಂದ್ನಿಮಿಷ ನಿಲ್ಸು, ಬಂದೆ’ ಅಂದರೆ ಸಿನಿಮಾ ಪಾಸು. ‘ಪರವಾಗಿಲ್ಲ, ನೀವು ನೋಡ್ತಿರಿ’ ಅಂದರೆ ಫೇಲು. ಹಾಗಂದವರು ವಾಪಸ್ ಬರುವಾಗ ಕೈಯಲ್ಲಿ ಮೊಬೈಲ್ ಇರುತ್ತದೆ. ಕೆಲವು ಸಲ ಬರುವುದೇ ಇಲ್ಲ, ಒಳಗಿಂದ ಗೊರಕೆ ಬರುತ್ತದೆ.

ಥಿಯೇಟರಿನಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ಟಿಕೆಟ್ ತಗೊಂಡು ಕೂತಿರುತ್ತೇವೆ, ಕತ್ತಲು ಬೇರೆ, ಏಳಬೇಕೆಂದರೆ ಹತ್ತು ಜನರ ಮಂಡಿ ದಾಟಬೇಕು. ಮನೆಯಲ್ಲಿ ಹಾಗಲ್ಲ. ಫೋನ್ ಬರುತ್ತದೆ, ಬೆಲ್ ಆಗುತ್ತದೆ, ಸೋಫಾ ಮೇಲೆ ಕಾಲು ಚಾಚಿದರೆ ಕಣ್ಣು ತಾನಾಗಿ ಮುಚ್ಚುತ್ತದೆ. ಅದಕ್ಕೇ ನಾನು ಹೇಳುವುದು, ಒಳ್ಳೆಯ ಸಿನಿಮಾ ಬೇರೆ, ಮನೆಯಲ್ಲಿ ಕೂರಿಸುವ ಸಿನಿಮಾ ಬೇರೆ. ಎರಡೂ ಒಂದೇ ಆದರೆ ನಮ್ಮ ಪುಣ್ಯ.

ಈಚೆಗೆ ಕೆಲವು ತಿಂಗಳಲ್ಲಿ ನೋಡಿದ್ದನ್ನು ಇಲ್ಲಿ ಜೋಡಿ ಮಾಡಿ ಇಟ್ಟಿದ್ದೇನೆ. ಯಾಕೆಂದರೆ ರಾತ್ರಿ ರಿಮೋಟ್ ಹಿಡಿದಾಗ ಬರುವ ಪ್ರಶ್ನೆ ಯಾವಾಗಲೂ ‘ಇದಾ, ಅದಾ?’ ಎಂದೇ. ಹೆಚ್ಚಿನವು ಹಳೆಯವು. ಹೊಸದರ ಬಗ್ಗೆ ನಿಮಗೆ ಹೇಗೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೊನೆ ಏನಾಗುತ್ತದೆ ಅಂತ ಬಿಟ್ಟುಕೊಡುವುದಿಲ್ಲ, ಹೆದರಬೇಡಿ.

ನೋಡುವವರು ಯಾರು ಅಂತಲೂ ಹೇಳಿಬಿಡುತ್ತೇನೆ. ನಾನು, ಹೆಂಡತಿ, ಏಳು ವರ್ಷದ ಮಗಳು, ಅಮ್ಮ. ರಜೆ ಸಿಕ್ಕಾಗ ತಮ್ಮ. ಅಮ್ಮನಿಗೆ ಸಬ್‌ಟೈಟಲ್ ಓದುವುದು ಕಷ್ಟ. ತಮ್ಮನಿಗೆ ಸುಮ್ನೆ ಕೂರುವುದು ಕಷ್ಟ.

ಒಂದು ಕೋಣೆ ಬಿಟ್ಟು ಹೊರಗೆ ಹೋಗದ ಎರಡು ಸಿನಿಮಾ

ಮೊದಲ ಜೋಡಿ ‘ಟ್ವೆಲ್ವ್ ಆಂಗ್ರಿ ಮೆನ್’ ಮತ್ತು ‘ರಿಯರ್ ವಿಂಡೋ’. ಎರಡರಲ್ಲೂ ಕ್ಯಾಮೆರಾ ಒಂದು ಕೋಣೆಯಲ್ಲಿ ಸಿಕ್ಕಿಹಾಕಿಕೊಂಡಿದೆ. ಎರಡರಲ್ಲೂ ಸೆಕೆ. ಎರಡರಲ್ಲೂ ಒಂದು ಕೊಲೆಯ ಮಾತು. ಆದರೆ ನೋಡಿದ ಅನುಭವ ಮಾತ್ರ ಪೂರ್ತಿ ಬೇರೆ.

‘ಟ್ವೆಲ್ವ್ ಆಂಗ್ರಿ ಮೆನ್’ 1957ರದ್ದು, ನಿರ್ದೇಶಕ ಸಿಡ್ನಿ ಲ್ಯೂಮೆಟ್. ಕಪ್ಪು ಬಿಳುಪು, 96 ನಿಮಿಷ. ತಂದೆಯನ್ನು ಕೊಂದ ಆರೋಪ ಹೊತ್ತ ಒಬ್ಬ ಹುಡುಗ. ತೀರ್ಪು ಹೇಳಬೇಕಾದ ಹನ್ನೆರಡು ಜನ ಒಂದು ಕೋಣೆಗೆ ಹೋಗಿ ಕೂರುತ್ತಾರೆ. ಹನ್ನೊಂದು ಜನ ‘ತಪ್ಪಿತಸ್ಥ’ ಅಂತ ಕೈ ಎತ್ತುತ್ತಾರೆ. ಒಬ್ಬ ಮಾತ್ರ ಎತ್ತುವುದಿಲ್ಲ. ಕಥೆ ಇಷ್ಟೇ. ತಮ್ಮ ಶುರುವಿನಲ್ಲೇ ‘ಇವರು ಹೊರಗೆ ಬರೋದೇ ಇಲ್ವಾ?’ ಅಂತ ಕೇಳಿದ. ‘ಇಲ್ಲ’ ಅಂದೆ. ಮೊಬೈಲ್ ತೆಗೆದ.

ಕೈ ಎತ್ತದ ಆ ಒಬ್ಬನ ಪಾತ್ರದ ಹೆನ್ರಿ ಫೊಂಡಾ ಜೇಬಿನಿಂದ ಚಾಕು ತೆಗೆಯುವ ಜಾಗದಲ್ಲಿ ಆ ಮೊಬೈಲ್ ಕೆಳಗಿಳಿಯಿತು. ಕೊಲೆಗೆ ಬಳಸಿದ ಚಾಕು ಅಪರೂಪದ್ದು, ಅಂಥದ್ದು ಇನ್ನೊಂದು ಸಿಗುವುದಿಲ್ಲ ಅಂತ ಉಳಿದವರು ವಾದ ಮಾಡುತ್ತಿರುತ್ತಾರೆ. ಚಾಕು ಮೇಜಿನ ಮೇಲೆ ನಾಟಿಕೊಂಡಿದೆ. ಇವನು ಸುಮ್ಮನೆ ಎದ್ದು, ಅದೇ ಥರದ ಇನ್ನೊಂದು ಚಾಕು ತೆಗೆದು ಅದರ ಪಕ್ಕಕ್ಕೇ ನಾಟುತ್ತಾನೆ. ತಮ್ಮ ಆಮೇಲೆ ನೀರಿಗೆ ಎದ್ದದ್ದು ನಿಜ. ಆದರೆ ಬಾಟಲಿ ಹಿಡಿದು ಬಾಗಿಲಲ್ಲೇ ನಿಂತ. ಹದಿಮೂರನೆಯವನು ಇವನೇ ಅನ್ನುವ ಹಾಗೆ.

ಈ ಸಿನಿಮಾ ಮನೆಗೆ ಇಷ್ಟು ಚೆನ್ನಾಗಿ ಹೊಂದುವುದಕ್ಕೆ ಒಂದು ಕಾರಣ ಇದೆ. ಇದು ಹುಟ್ಟಿದ್ದೇ ಟಿವಿಯಲ್ಲಿ. ರೆಜಿನಾಲ್ಡ್ ರೋಸ್ 1954ರಲ್ಲಿ ಇದನ್ನು ಟಿವಿ ನಾಟಕವಾಗಿ ಬರೆದಿದ್ದರು. ಸಿನಿಮಾ ಆದಾಗ ಥಿಯೇಟರಿನಲ್ಲಿ ಅಷ್ಟೇನೂ ಓಡಲಿಲ್ಲ. ಮುಖಗಳು, ಬೆವರು, ಮಾತು. ಇವಕ್ಕೆ ದೊಡ್ಡ ಪರದೆ ಬೇಕಾಗಿಲ್ಲ. ಇನ್ನೊಂದು ಗುಟ್ಟು: ಲ್ಯೂಮೆಟ್ ಮೊದಲ ಭಾಗದಲ್ಲಿ ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆ ಇಟ್ಟಿದ್ದಾರೆ, ನಡುವೆ ಕಣ್ಣಿನ ಮಟ್ಟಕ್ಕೆ, ಕೊನೆಯ ಭಾಗದಲ್ಲಿ ಅದಕ್ಕಿಂತ ಕೆಳಗೆ. ಲೆನ್ಸ್ ಕೂಡ ಬದಲಾಗುತ್ತಾ ಹೋಗುತ್ತದೆ. ಹೋಗ್ತಾ ಹೋಗ್ತಾ ಗೋಡೆ ಹತ್ತಿರ ಬಂದ ಹಾಗೆ, ಚಾವಣಿ ತಲೆ ಮೇಲೆ ಇಳಿದ ಹಾಗೆ ಆಗುತ್ತದೆ. ನಮಗೆ ಯಾಕೆ ಉಸಿರು ಕಟ್ಟುತ್ತಿದೆ ಅಂತ ಗೊತ್ತಾಗುವುದಿಲ್ಲ. ಎರಡನೇ ಸಲ ನೋಡುವಾಗ ಚಾವಣಿ ಮೇಲೆ ಒಂದು ಕಣ್ಣಿಡಿ.

‘ರಿಯರ್ ವಿಂಡೋ’ 1954ರದ್ದು, ನಿರ್ದೇಶಕ ಹಿಚ್‌ಕಾಕ್. ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡ ಫೋಟೋಗ್ರಾಫರ್ ಒಬ್ಬ ಗಾಲಿ ಕುರ್ಚಿಯಲ್ಲಿ ಕೂತು ಎದುರಿನ ಮನೆಗಳ ಕಿಟಕಿ ನೋಡುತ್ತಾನೆ. ಒಂದು ಕಿಟಕಿಯಲ್ಲಿ ನಡೆಯುತ್ತಿರುವುದು ಸರಿ ಕಾಣುವುದಿಲ್ಲ. ಜೇಮ್ಸ್ ಸ್ಟೂವರ್ಟ್, ಗ್ರೇಸ್ ಕೆಲ್ಲಿ. ಬಣ್ಣದ ಸಿನಿಮಾ, 112 ನಿಮಿಷ. ಆ ಇಡೀ ಅಂಗಳ, ಅಷ್ಟೂ ಮನೆಗಳು ಸ್ಟುಡಿಯೋ ಒಳಗೆ ಕಟ್ಟಿದ ಸೆಟ್ ಅಂದರೆ ಹೆಂಡತಿ ನಂಬಲೇ ಇಲ್ಲ.

ನನ್ನನ್ನು ಕೇಳಿದರೆ ಎರಡರಲ್ಲಿ ಹೆಚ್ಚು ಮಜಾ ಇರುವುದು ಇದರಲ್ಲೇ. ಆದರೆ ಮನೆಯಲ್ಲಿ ಸೋಲುವ ಅಪಾಯವೂ ಇದಕ್ಕೇ ಜಾಸ್ತಿ. ನಾಯಕ ನೋಡುವುದು ದೂರದ ಪುಟ್ಟ ಪುಟ್ಟ ಕಿಟಕಿಗಳನ್ನು. ಲ್ಯಾಪ್‌ಟಾಪಿನಲ್ಲಿ ಅವು ಬೆಂಕಿಪೊಟ್ಟಣದಷ್ಟು ಕಾಣುತ್ತವೆ. ಮೊಬೈಲಿನಲ್ಲಿ ನೋಡುವುದಂತೂ ಬೇಡವೇ ಬೇಡ. ಮೊದಲ ಅರ್ಧ ಗಂಟೆ ಅವನು ಬರೀ ನೋಡುತ್ತಾ, ನರ್ಸ್ ಹತ್ತಿರ ಬೈಸಿಕೊಳ್ಳುತ್ತಾ ಕಾಲ ಕಳೆಯುತ್ತಾನೆ. ಆಗಲೇ ನಮ್ಮಲ್ಲಿ ಇಬ್ಬರು ‘ನೀವು ನೋಡ್ತಿರಿ’ ಅಂದರು. ಮಾರನೇ ರಾತ್ರಿ ಲೈಟ್ ಪೂರ್ತಿ ಆರಿಸಿ, ಸೋಫಾ ಮುಂದೆ ಎಳೆದುಕೊಂಡು ಮೊದಲಿಂದ ಹಾಕಿದೆವು. ಕತ್ತಲಲ್ಲಿ ಕೂತು ಬೇರೆಯವರ ಮನೆ ಇಣುಕುವ ಕಥೆಯನ್ನು ಕತ್ತಲಲ್ಲೇ ನೋಡಬೇಕು. ಆವತ್ತು ನೀರಿಗೆ ಯಾರೂ ಏಳಲೇ ಇಲ್ಲ. ಸಿನಿಮಾ ಮುಗಿದ ಮೇಲೆ ಹೆಂಡತಿ ಎದ್ದು ನಮ್ಮ ಕಿಟಕಿ ಪರದೆ ಎಳೆದಳು.

ಚಿಕ್ಕ ಪರದೆ, ಲೈಟ್ ಆರಿಸಲು ಆಗದ ಹಾಲ್, ಜೊತೆಗೆ ಹರಟುವ ಜನ ಇದ್ದರೆ ‘ಟ್ವೆಲ್ವ್ ಆಂಗ್ರಿ ಮೆನ್’. ದೊಡ್ಡ ಟಿವಿ, ಕತ್ತಲು, ಇಬ್ಬರೋ ಮೂವರೋ ಇದ್ದರೆ ‘ರಿಯರ್ ವಿಂಡೋ’.

ಮಕ್ಕಳಿರುವ ಮನೆಗೆ, ಒಂದು ಎಚ್ಚರಿಕೆಯ ಸಮೇತ

ಹಯಾವೊ ಮಿಯಾಝಾಕಿಯ ಎರಡು ಅನಿಮೇಷನ್ ಸಿನಿಮಾಗಳಲ್ಲಿ ಯಾವುದು ಮೊದಲು? ‘ಮೈ ನೇಬರ್ ಟೊಟೊರೊ’ (1988) 86 ನಿಮಿಷ. ‘ಸ್ಪಿರಿಟೆಡ್ ಅವೇ’ (2001) 125 ನಿಮಿಷ. ಎರಡನೆಯದಕ್ಕೆ ಆಸ್ಕರ್ ಬಂದಿದೆ, ಹೆಸರೂ ದೊಡ್ಡದು. ಹಾಗಾಗಿ ಎಲ್ಲರೂ ಅದರಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿ ಕೆಟ್ಟೆ.

ಅದರಲ್ಲಿ ಶುರುವಾಗಿ ಸ್ವಲ್ಪ ಹೊತ್ತಿಗೇ ಹುಡುಗಿಯ ಅಪ್ಪ ಅಮ್ಮ ಹಂದಿಗಳಾಗಿಬಿಡುತ್ತಾರೆ. ಮಗಳು ಸಿನಿಮಾ ಬಿಟ್ಟು ನನ್ನ ಮುಖ ನೋಡಿದಳು. ಆಮೇಲೆ ಅವಳಮ್ಮನ ಮುಖ. ಇಬ್ಬರೂ ಸರಿಯಾಗಿಯೇ ಇದ್ದೇವೆ ಅಂತ ಖಾತ್ರಿ ಆದ ಮೇಲೆ ‘ಆಫ್ ಮಾಡಿ’ ಅಂದಳು. ಇದು ನಮ್ಮ ಪರೀಕ್ಷೆಯಲ್ಲಿ ಇಲ್ಲದ ಮೂರನೇ ಉತ್ತರ.

‘ಟೊಟೊರೊ’ದಲ್ಲಿ ವಿಲನ್ನೇ ಇಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಅಪ್ಪನ ಜೊತೆ ಇಬ್ಬರು ಅಕ್ಕತಂಗಿಯರು ಹಳ್ಳಿ ಮನೆಗೆ ಬಂದಿದ್ದಾರೆ, ಪಕ್ಕದ ಕಾಡಿನಲ್ಲಿ ಒಂದು ದೊಡ್ಡ ರೋಮದ ಪ್ರಾಣಿ. ನಡೆಯುವುದು ಕಡಿಮೆ. ಆದರೆ ಆ ಬಸ್ ಸ್ಟಾಪಿನ ದೃಶ್ಯ ಇದೆಯಲ್ಲ! ಸಂಜೆ, ಮಳೆ, ಅಕ್ಕನ ಬೆನ್ನ ಮೇಲೆ ತಂಗಿ ನಿದ್ದೆ ಹೋಗಿದ್ದಾಳೆ. ಪಕ್ಕದಲ್ಲಿ ಟೊಟೊರೊ ಬಂದು ನಿಲ್ಲುತ್ತದೆ, ತಲೆ ಮೇಲೆ ಒಂದು ಎಲೆ. ಹುಡುಗಿ ಅಪ್ಪನಿಗೆಂದು ತಂದ ಛತ್ರಿಯನ್ನು ಅದಕ್ಕೆ ಕೊಡುತ್ತಾಳೆ. ಛತ್ರಿ ಮೇಲೆ ಹನಿ ಬಿದ್ದ ಸದ್ದಿಗೆ ಅದರ ಕಣ್ಣು ಅರಳುತ್ತದೆ. ಇನ್ನಷ್ಟು ಹನಿ ಬೇಕು ಅಂತ ಅದು ಒಮ್ಮೆ ಜಿಗಿಯುತ್ತದೆ ನೋಡಿ, ಮರದ ಮೇಲಿದ್ದ ನೀರೆಲ್ಲ ಒಟ್ಟಿಗೆ ಸುರಿಯುತ್ತದೆ. ಮಗಳು ‘ನಿಲ್ಸು’ ಅನ್ನಲಿಲ್ಲ, ‘ಹಿಂದಕ್ಕೆ ಹಾಕು’ ಅಂದಳು. ಮೂರು ಸಲ ಹಾಕಿದೆವು.

ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ‘ಟೊಟೊರೊ’ ಮೊದಲು. ದೊಡ್ಡವರು ಮಾತ್ರ ಇದ್ದರೆ ಅನುಮಾನವೇ ಬೇಡ, ‘ಸ್ಪಿರಿಟೆಡ್ ಅವೇ’. ಮಗಳು ಮಲಗಿದ ಮೇಲೆ ನಾವಿಬ್ಬರು ಪೂರ್ತಿ ನೋಡಿದೆವು. ನೀರಿನ ಮೇಲೆ ರೈಲು ಹೋಗುವ ಆ ಕೆಲವು ನಿಮಿಷ ಯಾರೂ ಮಾತಾಡುವುದಿಲ್ಲ, ಸಿನಿಮಾದಲ್ಲೂ, ನಮ್ಮ ಹಾಲಿನಲ್ಲೂ.

ಎಚ್ಚರಿಕೆ ಇದು. ‘ಟೊಟೊರೊ’ ಮುಗಿದ ಮೇಲೆ ‘ಇದೇ ಸ್ಟುಡಿಯೋದ್ದು’ ಅಂತ ಟಿವಿ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ತೋರಿಸಬಹುದು. ಇಸಾವೊ ತಕಾಹಾಟಾ ಅವರ ಸಿನಿಮಾ. ಯುದ್ಧದ ಕಾಲದ ಅಣ್ಣ ತಂಗಿಯ ಕಥೆ. ತಮಾಷೆ ಏನೆಂದರೆ 1988ರಲ್ಲಿ ಜಪಾನಿನಲ್ಲಿ ಇವೆರಡನ್ನೂ ಒಂದೇ ಟಿಕೆಟ್ಟಿಗೆ ಜೋಡಿಯಾಗಿ ಬಿಡುಗಡೆ ಮಾಡಿದ್ದರು! ಆವತ್ತು ಥಿಯೇಟರಿಗೆ ಮಕ್ಕಳನ್ನು ಕರೆದುಕೊಂಡು ಹೋದ ಅಪ್ಪ ಅಮ್ಮಂದಿರ ಗತಿ ನೆನೆದರೆ ಅಯ್ಯೋ ಅನಿಸುತ್ತದೆ. ಕಾರ್ಟೂನ್ ಥರ ಕಾಣುತ್ತದೆ ಅಂತ ಚಿಕ್ಕ ಮಕ್ಕಳಿಗೆ ಹಾಕಿಕೊಡಬೇಡಿ. ನೀವು ಒಬ್ಬರೇ ಇರುವ ದಿನಕ್ಕೆ ಇಟ್ಟುಕೊಳ್ಳಿ. ಒಂದು ಸಲ ನೋಡಿದೆ. ಬಹಳ ದೊಡ್ಡ ಸಿನಿಮಾ. ಇನ್ನೊಂದು ಸಲ ನೋಡುವುದಿಲ್ಲ.

ಒಂದು ಸೈಕಲ್, ಒಂದು ಜೊತೆ ಶೂ

ಎರಡೂ 89 ನಿಮಿಷ. ಎರಡರಲ್ಲೂ ಕಳೆದುಹೋಗುವುದು ಒಂದು ಸಾಮಾನ್ಯ ವಸ್ತು. ‘ಬೈಸಿಕಲ್ ಥೀವ್ಸ್’ 1948ರ ಇಟಲಿಯದ್ದು, ನಿರ್ದೇಶಕ ವಿಟ್ಟೋರಿಯೋ ಡಿ ಸೀಕಾ. ‘ಚಿಲ್ಡ್ರನ್ ಆಫ್ ಹೆವೆನ್’ 1997ರ ಇರಾನಿನದ್ದು, ಮಜೀದ್ ಮಜೀದಿ. ಸಬ್‌ಟೈಟಲ್ ಓದಲಾಗದ ಅಮ್ಮನ ಜೊತೆ ಎರಡನ್ನೂ ನೋಡಿದೆ.

ಮೊದಲನೆಯದರಲ್ಲಿ ಪೋಸ್ಟರ್ ಅಂಟಿಸುವ ಕೆಲಸ ಸಿಕ್ಕವನಿಗೆ ಸೈಕಲ್ ಇದ್ದರೆ ಮಾತ್ರ ಕೆಲಸ. ಅವನ ಸೈಕಲ್ ಅಡವಿಟ್ಟಿದೆ. ಹೆಂಡತಿ ಮಂಚದ ಮೇಲಿನ ಹೊದಿಕೆಗಳನ್ನು ಎಳೆದು ಗಂಟು ಕಟ್ಟಿ ಅಡವಿನ ಅಂಗಡಿಗೆ ತರುತ್ತಾಳೆ. ಅಂಗಡಿಯವನು ಆ ಗಂಟನ್ನು ಹೊತ್ತು ಒಂದು ಕಪಾಟು ಹತ್ತುತ್ತಾನೆ. ಹತ್ತುತ್ತಾನೆ, ಹತ್ತುತ್ತಲೇ ಇರುತ್ತಾನೆ. ಚಾವಣಿವರೆಗೂ ಅಂಥವೇ ಗಂಟುಗಳು. ಊರಿನ ಅಷ್ಟೂ ಮನೆಗಳ ಹೊದಿಕೆ ಅಲ್ಲಿದೆ. ಒಂದು ಮಾತಿಲ್ಲದೆ ಆ ಕಾಲದ ಬಡತನ ಎಷ್ಟಿತ್ತು ಅಂತ ಗೊತ್ತಾಗುತ್ತದೆ. ಅಮ್ಮ ಅದನ್ನು ನೋಡಿ ‘ಪಾಪ’ ಅಂದಳು. ನಾನು ಇನ್ನೂ ಏನೂ ವಿವರಿಸಿರಲಿಲ್ಲ. ಬಿಡಿಸಿ ತಂದ ಸೈಕಲ್ ಕೆಲಸದ ಮೊದಲ ದಿನವೇ ಕಳುವಾಗುತ್ತದೆ. ಅಪ್ಪ, ಮಗ ಊರೆಲ್ಲ ಹುಡುಕುತ್ತಾರೆ. ಅಪ್ಪನ ಪಾತ್ರ ಮಾಡಿದವರು ನಟರಲ್ಲ, ಕಾರ್ಖಾನೆ ಕೆಲಸಗಾರ.

ಎರಡನೆಯದರಲ್ಲಿ ತಂಗಿಯ ಶೂ ರಿಪೇರಿ ಮಾಡಿಸಿಕೊಂಡು ಬರುವಾಗ ಅಣ್ಣ ಕಳೆದುಬಿಡುತ್ತಾನೆ. ಅಪ್ಪನಿಗೆ ಹೇಳುವಂತಿಲ್ಲ, ಹೊಸದು ಕೊಳ್ಳಲು ಅವನ ಹತ್ತಿರ ಇಲ್ಲ ಅಂತ ಮಕ್ಕಳಿಗೇ ಗೊತ್ತು. ಬೆಳಗಿನ ಶಾಲೆಗೆ ತಂಗಿ ಅಣ್ಣನ ಶೂ ಹಾಕಿಕೊಂಡು ಹೋಗಿ ಓಡಿ ಬರುವುದು, ಅದನ್ನೇ ಹಾಕಿಕೊಂಡು ಅಣ್ಣ ಮಧ್ಯಾಹ್ನದ ಶಾಲೆಗೆ ಓಡುವುದು. ಒಂದು ದಿನ ಓಡುವಾಗ ಆ ದೊಡ್ಡ ಶೂ ಅವಳ ಕಾಲಿಂದ ಜಾರಿ ರಸ್ತೆ ಬದಿಯ ನೀರಿನ ಕಾಲುವೆಗೆ ಬೀಳುತ್ತದೆ. ನೀರು ಅದನ್ನು ಎಳೆದುಕೊಂಡು ಹೋಗುತ್ತದೆ, ಅವಳು ಪಕ್ಕದಲ್ಲೇ ಓಡುತ್ತಾಳೆ. ಬರೀ ಒಂದು ಶೂ! ಅಮ್ಮ ಕುರ್ಚಿಯ ಅಂಚಿಗೆ ಬಂದು ‘ಹಿಡ್ಕೋ, ಹಿಡ್ಕೋ’ ಅಂತ ಟಿವಿಗೇ ಹೇಳುತ್ತಿದ್ದಳು. ಆಮೇಲೆ ನೀರಿಗೆ ಎದ್ದವಳು ಹೇಳಿದ್ದೇನು ಗೊತ್ತಾ? ‘ನಿಲ್ಸಪ್ಪ, ನಾನು ಬರೋವರ್ಗೂ ಆ ಮಗು ಓಡೋದು ಬೇಡ.’

ಯಾವುದು ದೊಡ್ಡದು ಅಂತ ಕೇಳಿದರೆ ‘ಬೈಸಿಕಲ್ ಥೀವ್ಸ್’. ಜಗತ್ತಿನ ಎಷ್ಟೋ ನಿರ್ದೇಶಕರು ಅದನ್ನು ನೋಡಿಯೇ ಕಲಿತರು, ಸತ್ಯಜಿತ್ ರಾಯ್ ಅದನ್ನು ಬಾಯಿಬಿಟ್ಟೇ ಹೇಳಿದ್ದಾರೆ. ಯಾವುದನ್ನು ಮನೆಯಲ್ಲಿ ಹಾಕಬೇಕು ಅಂತ ಕೇಳಿದರೆ, ಕೂಸಿನಿಂದ ಅಜ್ಜಿಯವರೆಗೆ ಎಲ್ಲರೂ ಇದ್ದರೆ, ‘ಚಿಲ್ಡ್ರನ್ ಆಫ್ ಹೆವೆನ್’. ಅದು ಹೊಟ್ಟೆ ಕಿವುಚುತ್ತದೆ, ಆದರೆ ಕಿವುಚಿ ಬಿಟ್ಟುಬಿಡುತ್ತದೆ. ಇಟಲಿಯದ್ದು ಬಿಡುವುದಿಲ್ಲ. ಅದು ಮುಗಿದ ಮೇಲೆ ಅಮ್ಮ ಏನೂ ಹೇಳದೆ ಮಲಗಲು ಹೋದಳು. ಬೆಳಗ್ಗೆ ಎದ್ದವಳೇ ‘ಆ ಹುಡುಗ ಅಪ್ಪನ ಕೈ ಹಿಡ್ಕೊಂಡ್ನಲ್ಲ’ ಅಂದಳು. ಮಾರನೇ ದಿನ ಬೇಗ ಏಳಬೇಕಾದವರು ನೋಡುವುದು ಬೇಡ ಅಂತಷ್ಟೇ ನನ್ನ ಸಲಹೆ.

ಮಾತೇ ಇಲ್ಲದ ಸಿನಿಮಾ

ಸಬ್‌ಟೈಟಲ್ ತಲೆನೋವು ಬೇಡವಾದರೆ ಮಾತೇ ಇಲ್ಲದ್ದನ್ನು ಹಾಕಿದರಾಯಿತು ಅಂತ ಒಂದು ಶನಿವಾರ ಜಾಣತನ ಮಾಡಿದೆ. ಕಣದಲ್ಲಿ ಮೂರು: ಚಾಪ್ಲಿನ್‌ನ ‘ಮಾಡರ್ನ್ ಟೈಮ್ಸ್’ (1936), ಸಿಂಗೀತಂ ಶ್ರೀನಿವಾಸ ರಾವ್ ಅವರ ‘ಪುಷ್ಪಕ ವಿಮಾನ’ (1987), ಪಿಕ್ಸಾರ್‌ನ ‘ವಾಲ್-ಈ’ (2008).

ಮಾತಿಲ್ಲದ ಸಿನಿಮಾದ ಒಂದು ತೊಂದರೆ ನೋಡುವವರೆಗೂ ಹೊಳೆದಿರಲಿಲ್ಲ. ಮಾಮೂಲಿ ಸಿನಿಮಾವನ್ನು ಬಟ್ಟೆ ಮಡಚುತ್ತಾ ಅರ್ಧ ಕಿವಿಯಿಂದ ‘ನೋಡಬಹುದು’. ಇಲ್ಲಿ ಆಗುವುದಿಲ್ಲ. ಕಣ್ಣು ತೆಗೆದರೆ ಕಥೆ ಹೋಯಿತು. ಹೆಂಡತಿ ಎರಡು ಸಲ ‘ಈಗೇನಾಯ್ತು?’ ಅಂತ ಕೇಳಿ, ಮೂರನೇ ಸಲ ಬಟ್ಟೆ ರಾಶಿಯನ್ನು ಪಕ್ಕಕ್ಕೆ ತಳ್ಳಿದಳು. ಹಾಗಾಗಿ ಕೈಯಲ್ಲಿ ಕೆಲಸ ಇಟ್ಟುಕೊಂಡು ಟಿವಿ ಮುಂದೆ ಕೂರುವವರಿಗೆ ಈ ಮೂರೂ ಆಗಿಬರುವುದಿಲ್ಲ.

‘ಮಾಡರ್ನ್ ಟೈಮ್ಸ್’ ಬಂದಾಗ ಮಾತಿನ ಸಿನಿಮಾ ಶುರುವಾಗಿ ಸುಮಾರು ಒಂಬತ್ತು ವರ್ಷ ಕಳೆದಿತ್ತು. ಚಾಪ್ಲಿನ್ ಹಟ ಹಿಡಿದು ಕೂತಿದ್ದ. ಇದರಲ್ಲಿ ಮಾತು ಬರುವುದು ಹೆಚ್ಚಾಗಿ ಯಂತ್ರಗಳಿಂದ: ಮಾಲೀಕನ ಪರದೆ, ಗ್ರಾಮೊಫೋನು, ರೇಡಿಯೋ. ಕೊನೆಗೆ ಅವನ ದನಿ ಕೇಳಿಸುತ್ತದೆ, ಅದೂ ಯಾವ ಭಾಷೆಯೂ ಅಲ್ಲದ ಒಂದು ಹಾಡಿನಲ್ಲಿ. ಕೆಲಸಗಾರನಿಗೆ ಊಟ ತಿನ್ನಿಸುವ ಯಂತ್ರ ಕೆಟ್ಟುಹೋಗುವ ಜಾಗದಲ್ಲಿ ಮಗಳು ಸೋಫಾದಿಂದ ಕೆಳಗೆ ಬಿದ್ದು ನಕ್ಕಳು. 1936ರ ತಮಾಷೆಗೆ ಏಳು ವರ್ಷದ ಮಗು ಇವತ್ತು ಬಿದ್ದು ನಗುವುದೆಂದರೆ ಸುಮ್ನೆ ಅಲ್ಲ.

‘ಪುಷ್ಪಕ ವಿಮಾನ’ ನಮ್ಮಲ್ಲಿ ಎಲ್ಲರೂ ಯಾವಾಗಲೋ ತುಂಡು ತುಂಡಾಗಿ ನೋಡಿದ್ದೆವು. ಪೂರ್ತಿ ಕೂತು ನೋಡಿದ್ದು ಈಗಲೇ. ಕೆಲಸ ಸಿಗದ ಯುವಕ ಒಬ್ಬ ಕುಡಿದು ಬಿದ್ದ ಶ್ರೀಮಂತನನ್ನು ಕೂಡಿಹಾಕಿ ಅವನ ಹೆಸರಿನಲ್ಲಿ ಹೋಟೆಲ್ ಕೋಣೆ ಸೇರುತ್ತಾನೆ. ಕಮಲ್ ಹಾಸನ್, ಅಮಲಾ. ಒಂದೇ ಒಂದು ಸಂಭಾಷಣೆ ಇಲ್ಲ, ಆದರೆ ಇದು ಸದ್ದಿಲ್ಲದ ಸಿನಿಮಾ ಅಲ್ಲ. ಅದೇ ಇದರ ಚಂದ. ಆ ಯುವಕನಿಗೆ ಹೋಟೆಲಿನ ಮೆತ್ತನೆ ಹಾಸಿಗೆಯಲ್ಲಿ ನಿದ್ದೆ ಬರುವುದಿಲ್ಲ. ಯಾಕೆ? ಸದ್ದಿಲ್ಲ, ಅದಕ್ಕೆ. ತನ್ನ ಹಳೇ ಗಲಾಟೆ ಜಾಗದ ಸದ್ದನ್ನು ಟೇಪಿನಲ್ಲಿ ತುಂಬಿಸಿಕೊಂಡು ಬಂದು, ಹಚ್ಚಿಕೊಂಡು, ಮಗುವಿನ ಹಾಗೆ ಮಲಗುತ್ತಾನೆ. ಒಬ್ಬ ಕೊಲೆಗಾರ ಮಂಜುಗಡ್ಡೆಯ ಚಾಕು ಹಿಡಿದು ಓಡಾಡುತ್ತಾನೆ, ಅದು ಪ್ರತಿ ಸಲ ಕರಗಿ ಕೈ ಕೊಡುತ್ತದೆ. ಮೊಬೈಲನ್ನು ಮುಟ್ಟದೆ ತಮ್ಮ ಎರಡು ಗಂಟೆ ಕೂತದ್ದು ನನಗೆ ನೆನಪಿದ್ದಂತೆ ಇದೊಂದಕ್ಕೇ.

‘ವಾಲ್-ಈ’ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಮೊದಲ ಅರ್ಧ ಗಂಟೆ ಹೆಚ್ಚುಕಡಿಮೆ ಮಾತಿಲ್ಲ, ಕಸದ ಭೂಮಿಯಲ್ಲಿ ಒಂಟಿ ರೋಬೋಟ್, ಅದ್ಭುತ. ಸಂಜೆ ಮನೆಗೆ ಬಂದು ಅದೂ ಒಂದು ಹಳೇ ಸಿನಿಮಾ ಕ್ಯಾಸೆಟ್ ಹಾಕಿಕೊಂಡು ನೋಡುತ್ತದೆ, ನಮ್ಮ ಹಾಗೇ. ಮನುಷ್ಯರು ಬಂದ ಮೇಲೆ ಸಿನಿಮಾ ಮಾಮೂಲಿ ಆಗುತ್ತದೆ ಅಂತ ನನಗನಿಸಿತು. ಮಗಳು ಒಪ್ಪುವುದಿಲ್ಲ.

ಮೂರರಲ್ಲಿ ಒಂದೇ ಅಂದರೆ ‘ಪುಷ್ಪಕ ವಿಮಾನ’. ಮಕ್ಕಳೇ ಜಾಸ್ತಿ ಇದ್ದರೆ ಚಾಪ್ಲಿನ್.

ಮೂರು ಗಂಟೆ ದಾಟುವ ಸಿನಿಮಾ

ದೊಡ್ಡ ಸಿನಿಮಾಗಳನ್ನು ಮನೆಯಲ್ಲಿ ನೋಡಬೇಕಾ ಅನ್ನುವುದೇ ಪ್ರಶ್ನೆ. ‘ಲಾರೆನ್ಸ್ ಆಫ್ ಅರೇಬಿಯಾ’ (1962) ಮತ್ತು ಕುರೊಸಾವಾ ಅವರ ‘ಸೆವೆನ್ ಸಮುರಾಯ್’ (1954). ಎರಡೂ ಮೂರು ಗಂಟೆಗಿಂತ ಎಷ್ಟೋ ಉದ್ದ, ಎರಡಕ್ಕೂ ಒಳಗೇ ಇಂಟರ್ವಲ್ ಇದೆ.

‘ಲಾರೆನ್ಸ್’ನಲ್ಲಿ ಒಮರ್ ಶರೀಫ್ ಬರುವ ದೃಶ್ಯದ ಬಗ್ಗೆ ತುಂಬ ಕೇಳಿದ್ದೆ. ಮರುಭೂಮಿಯ ಬಿಸಿಲುಗುದುರೆಯಲ್ಲಿ ದೂರದಲ್ಲಿ ಒಂದು ಚುಕ್ಕಿ, ಅದು ನಿಧಾನವಾಗಿ ಒಂಟೆ ಮೇಲಿನ ಮನುಷ್ಯ ಆಗುತ್ತದೆ. 70 ಎಂಎಂ ಫಿಲ್ಮಿನಲ್ಲಿ, ಭಾರಿ ಪರದೆಗೆಂದು ತೆಗೆದದ್ದು. ನಮ್ಮ ಟಿವಿಯಲ್ಲಿ ಆ ಚುಕ್ಕಿ ಕಂಡಾಗ ತಮ್ಮ ಎದ್ದು ಹೋಗಿ ಅಂಗಿ ತೋಳಿನಿಂದ ಪರದೆ ಒರೆಸಿದ. ಧೂಳು ಅಂದುಕೊಂಡಿದ್ದ! ಅಲ್ಲಿಗೆ ತೀರ್ಮಾನ ಆಯಿತು. ಇದು ಎಲ್ಲಾದರೂ ದೊಡ್ಡ ಪರದೆಯಲ್ಲಿ ಹಾಕಿದಾಗ ನೋಡಬೇಕಾದ ಸಿನಿಮಾ. ಮನೆಯಲ್ಲಿ ನೋಡಿ ‘ನೋಡಿದ್ದೀನಿ’ ಅಂತ ಹೇಳಿಕೊಳ್ಳುವುದು ಅದಕ್ಕೆ ಮೋಸ.

‘ಸೆವೆನ್ ಸಮುರಾಯ್’ 207 ನಿಮಿಷ. ಕೇಳಿದರೆ ಹೆದರಿಕೆ ಆಗುತ್ತದೆ, ಕೂತರೆ ಆಗುವುದಿಲ್ಲ. ಚೌಕದ ಹಾಗಿರುವ ಹಳೇ ಅಳತೆಯ ಕಪ್ಪು ಬಿಳುಪು ಚಿತ್ರ, ಎರಡು ಬದಿಯಲ್ಲಿ ಕಪ್ಪು ಪಟ್ಟಿ ಬರುತ್ತದೆ. ಆದರೂ ಮನೆಯಲ್ಲಿ ಕೂರಿಸುತ್ತದೆ, ಯಾಕೆಂದರೆ ಇದು ಜನರ ಕಥೆ. ದರೋಡೆಕೋರರ ಕಾಟಕ್ಕೆ ಬೇಸತ್ತ ರೈತರು ಸಮುರಾಯ್‌ಗಳನ್ನು ಹುಡುಕಿಕೊಂಡು ಹೊರಡುತ್ತಾರೆ. ಏಳು ಜನ ಒಬ್ಬೊಬ್ಬರಾಗಿ ಸೇರುವ ಭಾಗವೇ ಸಾಕು. ಹಿರಿಯ ಸಮುರಾಯ್ ಹೊಸಬರನ್ನು ಪರೀಕ್ಷೆ ಮಾಡಲು ಬಾಗಿಲ ಹಿಂದೆ ದೊಣ್ಣೆ ಹಿಡಿದ ಹುಡುಗನನ್ನು ನಿಲ್ಲಿಸುತ್ತಾನೆ, ಒಳಗೆ ಕಾಲಿಟ್ಟವನ ತಲೆಗೆ ಹೊಡೆಯಬೇಕು. ಒಬ್ಬ ಏಟು ತಪ್ಪಿಸಿಕೊಂಡು ಹುಡುಗನನ್ನೇ ಕೆಡವಿ ಸಿಟ್ಟಾಗುತ್ತಾನೆ. ಇನ್ನೊಬ್ಬ ಹೊಸ್ತಿಲ ಹೊರಗೇ ನಿಂತು ನಕ್ಕುಬಿಡುತ್ತಾನೆ, ‘ತಮಾಷೆ ಬೇಡ’ ಅನ್ನುವ ಹಾಗೆ. ನಿಜವಾದ ಜಾಣ ಯಾರು ಅಂತ ಹೇಳಿಕೊಡಬೇಕಾಗಿಲ್ಲ.

ಇಂಟರ್ವಲ್ ಬಂದಾಗ ಟಿವಿ ಆರಿಸಿ, ಎರಡನೇ ಅರ್ಧ ಮಾರನೇ ದಿನಕ್ಕೆ ಇಡಿ. ನಿರ್ದೇಶಕರೇ ಕೊಟ್ಟ ಬಿಡುವು ಅದು, ಅಪರಾಧಿ ಭಾವ ಬೇಕಿಲ್ಲ.

ನೋಡಿದ ಮೇಲೆ ಜಗಳ ಆಡಬೇಕಾ?

ಹಾಗಿದ್ದರೆ ‘ಪ್ಯಾರಸೈಟ್’ (2019) ಅಥವಾ ‘ಎ ಸೆಪರೇಷನ್’ (2011). ಎರಡರಲ್ಲೂ ಉಳ್ಳವರ ಮನೆಗೆ ಇಲ್ಲದವರು ಕೆಲಸಕ್ಕೆ ಬರುತ್ತಾರೆ. ಬಾಂಗ್ ಜೂನ್ ಹೋ ಅವರ ‘ಪ್ಯಾರಸೈಟ್’ 2020ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದ, ಇಂಗ್ಲಿಷ್ ಅಲ್ಲದ ಮೊದಲ ಸಿನಿಮಾ. ಗೆಳೆಯರು ಸೇರಿದ ದಿನಕ್ಕೆ ಹೇಳಿ ಮಾಡಿಸಿದ್ದು. ಸೋಫಾ ಮೇಲೆ ಮಾಲೀಕರು, ಪಕ್ಕದ ಮೇಜಿನ ಕೆಳಗೆ ಅಡಗಿದವರು, ಆ ದೃಶ್ಯದಲ್ಲಿ ನಮ್ಮ ಸೋಫಾ ಮೇಲೂ ಯಾರೂ ಅಲುಗಾಡಲಿಲ್ಲ. ಮಕ್ಕಳನ್ನು ಮಲಗಿಸಿಯೇ ಹಾಕಿ, ಕೊನೆಯಲ್ಲಿ ರಕ್ತ ಇದೆ.

ಅಸ್ಗರ್ ಫರ್ಹಾದಿಯ ‘ಎ ಸೆಪರೇಷನ್’ ಗಂಡ ಹೆಂಡತಿ ಇಬ್ಬರೇ ನೋಡಬೇಕಾದದ್ದು. ಮೊದಲ ದೃಶ್ಯದಲ್ಲೇ ದಂಪತಿ ನಮ್ಮ ಕಡೆ ಮುಖ ಮಾಡಿ ಕೂತು ವಿಚ್ಛೇದನದ ವಾದ ಮಾಡುತ್ತಾರೆ. ನ್ಯಾಯಾಧೀಶರು ಕಾಣುವುದಿಲ್ಲ, ಅವರ ಜಾಗದಲ್ಲಿ ನಾವಿದ್ದೇವೆ. ಎಲ್ಲರ ಮಾತೂ ಸರಿ ಅನಿಸುತ್ತದೆ, ಅದೇ ಕಷ್ಟ. ಅಪ್ಪನನ್ನು ಬಿಟ್ಟು ಬರಲಾರೆ ಅನ್ನುವ ಗಂಡನ ಪಕ್ಷ ನಾನು, ಮಗಳ ಭವಿಷ್ಯಕ್ಕೆ ದೇಶ ಬಿಡೋಣ ಅನ್ನುವ ಹೆಂಡತಿಯ ಪಕ್ಷ ನನ್ನ ಹೆಂಡತಿ. ರಾತ್ರಿ ಒಂದೂವರೆಗೂ ವಾದ ನಡೆಯಿತು. ಬೆಳಗ್ಗೆ ಇಬ್ಬರೂ ಪಕ್ಷ ಬದಲಾಯಿಸಿದ್ದೆವು.

ಟಿವಿಯ ಮೂರು ಕಿತಾಪತಿ

ಕೆಲವು ಸಲ ತಪ್ಪು ಸಿನಿಮಾದ್ದಲ್ಲ, ಟಿವಿಯದ್ದು. ‘ಸಿನಿಮಾ ಯಾಕೋ ಧಾರಾವಾಹಿ ಥರ ಕಾಣ್ತಿದೆ’ ಅಂತ ಅಮ್ಮ ಹೇಳಿದಾಗ ನಾನು ನಕ್ಕಿದ್ದೆ. ಅವಳು ಹೇಳಿದ್ದೇ ಸರಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಇರುತ್ತವೆ. ಹೊಸ ಟಿವಿಗಳು ನಡುನಡುವೆ ತಾವೇ ಚಿತ್ರ ಸೇರಿಸಿ ಓಟವನ್ನು ಅತಿ ನುಣುಪು ಮಾಡಿಬಿಡುತ್ತವೆ. ಕ್ರಿಕೆಟ್ಟಿಗೆ ಅದು ಚೆನ್ನ, ಸಿನಿಮಾಗೆ ಅಲ್ಲ. ಇದನ್ನು ಆರಿಸಿ ನೋಡಿ ಅಂತ 2018ರಲ್ಲಿ ಟಾಮ್ ಕ್ರೂಸ್ ವಿಡಿಯೋನೇ ಮಾಡಿದ್ದ. ಸೆಟ್ಟಿಂಗ್ಸ್‌ನಲ್ಲಿ ‘ಮೋಷನ್’ ಅನ್ನುವ ಪದ ಇರುವ ಕಡೆ ಹುಡುಕಿ, ಕಂಪನಿಗೊಂದು ಹೆಸರು ಇಟ್ಟಿರುತ್ತಾರೆ.

ಎರಡನೆಯದು ಸದ್ದು. ಮಾತು ಪಿಸುಪಿಸು, ಸಂಗೀತ ಬಂದರೆ ಅಕ್ಕಪಕ್ಕದವರು ಏಳುವಷ್ಟು ಜೋರು. ಹಲವು ಸ್ಪೀಕರ್‌ಗಳಿಗೆಂದು ಹಂಚಿದ ಸದ್ದನ್ನು ಟಿವಿಯ ಎರಡು ಪುಟ್ಟ ಸ್ಪೀಕರ್‌ಗೆ ತುರುಕಿದಾಗ ಹೀಗಾಗುತ್ತದೆ. ಆಡಿಯೋ ಆಯ್ಕೆಯಲ್ಲಿ 5.1 ಬಿಟ್ಟು ಸ್ಟೀರಿಯೋ ಆರಿಸಿ ನೋಡಿ, ಅಥವಾ ‘ನೈಟ್ ಮೋಡ್’ ಇದ್ದರೆ ಹಾಕಿ. ರಿಮೋಟ್ ಹಿಡಿದು ಏರಿಸುವುದು ಇಳಿಸುವುದು ತಪ್ಪುತ್ತದೆ.

ಮೂರನೆಯದು, ಹಳೇ ಸಿನಿಮಾವನ್ನು ಟಿವಿ ತುಂಬ ಹಿಗ್ಗಿಸುವುದು. ತಮ್ಮನಿಗೆ ಬದಿಯ ಕಪ್ಪು ಪಟ್ಟಿ ಕಂಡರಾಗದು. ಒತ್ತಿದ. ಏಳು ಸಮುರಾಯ್‌ಗಳೂ ಡೊಳ್ಳುಹೊಟ್ಟೆಯವರಾದರು. ವಾಪಸ್ ಒತ್ತಿಸಿದೆ.

ಅವರ ಎರಡನೇ ಅರ್ಧ ಇನ್ನೂ ಬಾಕಿ ಇದೆ. ಹಳ್ಳಿಯ ಕಾಳಗ ಇನ್ನೂ ಶುರುವಾಗಿಲ್ಲ. ನಾನು ಈ ಬರಹದ ನೆಪದಲ್ಲಿ ನಿನ್ನೆ ರಾತ್ರಿ ಒಬ್ಬನೇ ಹಾಕಲು ಹೋದೆ. ಒಳಗಿಂದ ಅಮ್ಮನ ದನಿ ಬಂತು: ‘ಏ, ನಿಲ್ಸು. ನಿನ್ ತಮ್ಮನೂ ಬರ್ಲಿ.’